ಆರಿಸಲು ಮರೆತ ದೀಪ

ಕೇಳುಗರಿಗೆ ನಮಸ್ಕಾರ.

ಮನೆಗೆ ಬೀಗ ಹಾಕಿ, ಬಸ್ಸು ಹತ್ತಿ, ಸೀಟು ಹಿಡಿದು ಕೂತ ಮೇಲೆ "ಅಯ್ಯೋ, ಗ್ಯಾಸ್ ಆಫ್ ಮಾಡಿದ್ನಾ?" ಅಂತ ಎದೆ ಧಸಕ್ ಅನ್ನುವುದು ನಮಗೆಲ್ಲ ಗೊತ್ತಿರುವ ಸಂಕಟ. ಪಾಸ್‌ಪಾರ್ಟು ಎಂಬ ಫ್ರೆಂಚ್ ಆಳಿಗೂ ಹೀಗೇ ಆಗುತ್ತದೆ. ಲಂಡನ್ನಿನಿಂದ ರೈಲು ಹೊರಟು ಸ್ವಲ್ಪ ಹೊತ್ತಾಗಿದೆ ಅಷ್ಟೆ. ತನ್ನ ಕೋಣೆಯ ಗ್ಯಾಸ್ ದೀಪ ಆರಿಸಲಿಲ್ಲ ಅನ್ನುವುದು ಅವನಿಗೆ ನೆನಪಾಗುತ್ತದೆ. ಯಜಮಾನ ತಣ್ಣಗೆ ಹೇಳುತ್ತಾನೆ, ಅದು ಉರಿಯುವುದು ನಿನ್ನ ಖರ್ಚಿನಲ್ಲಿ ಅಂತ. ಅವರು ಹೊರಟಿರುವುದು ಭೂಮಿಗೆ ಒಂದು ಸುತ್ತು ಹಾಕಲಿಕ್ಕೆ!

ಇದು ಜೂಲ್ಸ್ ವರ್ನ್ ಬರೆದ, ಎಂಬತ್ತು ದಿನಗಳಲ್ಲಿ ಭೂಮಿ ಸುತ್ತುವ ಕಾದಂಬರಿ. ಹುಡುಗನಾಗಿದ್ದಾಗ ನಾನು ಇದನ್ನು ಓಟದ ಕಥೆ ಅಂತ ಓದಿದ್ದೆ. ಆನೆ, ಹಡಗು, ಬೆನ್ನು ಹತ್ತಿದ ಪತ್ತೇದಾರ, ಅಷ್ಟೇ ಸಾಕಾಗಿತ್ತು. ಈಚೆಗೆ ಪಕ್ಕದಲ್ಲಿ ಪೆನ್ಸಿಲ್ಲು, ಒಂದು ಹಾಳೆ ಇಟ್ಟುಕೊಂಡು ಮತ್ತೆ ಓದಿದೆ. ಆಗ ಅನ್ನಿಸಿತು, ಇದು ಲೆಕ್ಕದ ಪುಸ್ತಕ.

ಮೊದಲು ಬಾಜಿಯ ವಿಷಯ. 1872ರ ಅಕ್ಟೋಬರ್ 2, ಬುಧವಾರ. ಲಂಡನ್ನಿನ ರಿಫಾರ್ಮ್ ಕ್ಲಬ್ಬಿನಲ್ಲಿ ಇಸ್ಪೀಟಾಡುತ್ತಾ ಕೂತ ಪಾಸ್‌ಪಾರ್ಟುವಿನ ಯಜಮಾನ ಫಿಲಿಯಾಸ್ ಫಾಗ್ 20,000 ಪೌಂಡು ಪಣ ಇಡುತ್ತಾನೆ. ಡಿಸೆಂಬರ್ 21, ಶನಿವಾರ ರಾತ್ರಿ 8 ಗಂಟೆ 45 ನಿಮಿಷಕ್ಕೆ ಇದೇ ಕ್ಲಬ್ಬಿನಲ್ಲಿ ಇರಬೇಕು. ಇದಕ್ಕೆ ಆಧಾರ ಪೇಪರಿನಲ್ಲಿ ಬಂದ ಒಂದು ಪಟ್ಟಿ. ಲಂಡನ್ನಿನಿಂದ ಸೂಯೆಜ್‌ಗೆ 7 ದಿನ, ಅಲ್ಲಿಂದ ಬಾಂಬೆಗೆ 13, ಬಾಂಬೆಯಿಂದ ಕಲ್ಕತ್ತಾಗೆ 3, ಹಾಂಗ್‌ಕಾಂಗಿಗೆ 13, ಯೊಕೊಹಾಮಾಗೆ 6, ಸ್ಯಾನ್ ಫ್ರಾನ್ಸಿಸ್ಕೋಗೆ 22, ನ್ಯೂಯಾರ್ಕಿಗೆ 7, ಮತ್ತೆ ಲಂಡನ್ನಿಗೆ 9. ಕೂಡಿಸಿ ನೋಡಿ, ಸರಿಯಾಗಿ 80.

ಈ ಪಟ್ಟಿಯನ್ನು ಸುಮ್ನೆ ಕಲ್ಪನೆಯಿಂದ ಕಟ್ಟಿದ್ದಲ್ಲ. 1869ರ ಮೇ ತಿಂಗಳಲ್ಲಿ ಅಮೆರಿಕಾದ ಆ ದಡದಿಂದ ಈ ದಡಕ್ಕೆ ರೈಲು ದಾರಿ ಕೂಡಿತು. ಅದೇ ವರ್ಷ ನವೆಂಬರಿನಲ್ಲಿ ಸೂಯೆಜ್ ಕಾಲುವೆ ತೆರೆಯಿತು. 1870ರ ಮಾರ್ಚಿನಲ್ಲಿ ಜಬಲ್ಪುರದ ಹತ್ತಿರ ನಮ್ಮ ಬಾಂಬೆ–ಕಲ್ಕತ್ತಾ ರೈಲು ದಾರಿಯೂ ಸೇರಿತು. ಮೂರೂ ಕೂಡಿ ಬಂದದ್ದು ಒಂದು ವರ್ಷದೊಳಗೆ. ಅದಕ್ಕೆ ಮೊದಲು ಈ ಬಾಜಿಗೆ ಅರ್ಥವೇ ಇರುತ್ತಿರಲಿಲ್ಲ.

ಆದರೆ ಕಥೆಯಲ್ಲಿ ಆ ಭಾರತದ ರೈಲು ಕಾಡಿನ ನಡುವೆ ನಿಂತುಬಿಡುತ್ತದೆ. ಮುಂದೆ ಹಳಿಯೇ ಹಾಕಿಲ್ಲ! ಉಳಿದ ಪ್ರಯಾಣಿಕರಿಗೆಲ್ಲ ಇದು ಮೊದಲೇ ಗೊತ್ತು. ಅವರು ಇಳಿದು ಗಾಡಿ, ಪಲ್ಲಕ್ಕಿ ಮಾಡಿಕೊಂಡು ಹೊರಟುಬಿಡುತ್ತಾರೆ. ಫಾಗ್ 2,000 ಪೌಂಡು ಕೊಟ್ಟು ಆನೆಯನ್ನೇ ಕೊಂಡುಕೊಳ್ಳುತ್ತಾನೆ. ಆನೆಯ ಮೇಲಿನ ಆಸೆಗೆ ವರ್ನ್ ಎರಡು ವರ್ಷದ ಹಿಂದೆ ಮುಗಿದ ರೈಲು ದಾರಿಯನ್ನು ಕಿತ್ತುಹಾಕಿದ್ದಾರೆ. ಅವರು ಭಾರತವನ್ನು ಕಂಡವರಲ್ಲ, ಅದು ಗೊತ್ತಾಗುತ್ತದೆ. ಸತಿಯನ್ನು 1829ರಲ್ಲೇ ನಿಷೇಧಿಸಿದ್ದರು. ಬುಂದೇಲಖಂಡದ ಕಾಡಿನಲ್ಲಿ ಔದಾ ಎಂಬ ವಿಧವೆಯನ್ನು ಚಿತೆಯಿಂದ ಬಿಡಿಸುವ ಆ ಅಧ್ಯಾಯ ಓದುವಾಗ ನನಗಂತೂ ಮುಜುಗರವಾಗುತ್ತದೆ. ರೋಚಕವಾಗಿದೆ, ನಿಜ. ಆದರೆ ನಮ್ಮ ಜನ ಅಲ್ಲಿ ಬರೀ ಗುಂಪು. ಮಾತು, ಮುಖ ಇರುವುದು ಒಬ್ಬ ಪಾರ್ಸಿ ಮಾವುತನಿಗೆ ಮತ್ತು ಔದಾಳಿಗೆ ಮಾತ್ರ.

ಹಾಂ, ಒಂದು ಮಾತು. ಈ ಕಥೆ ಅಂದರೆ ಬಲೂನು ಅಂತ ತುಂಬಾ ಜನರಿಗೆ ನೆನಪು. ಕಾದಂಬರಿಯಲ್ಲಿ ಅವರು ಬಲೂನು ಹತ್ತುವುದೇ ಇಲ್ಲ. ಅದು 1956ರ ಸಿನಿಮಾದವರು ಸೇರಿಸಿದ್ದು.

ಈಗ ಗಡಿಯಾರಕ್ಕೆ ಬರೋಣ. ಪಾಸ್‌ಪಾರ್ಟು ಹತ್ತಿರ ಮುತ್ತಾತನ ಕಾಲದ ಒಂದು ಗಡಿಯಾರ ಇದೆ. ಎಲ್ಲಿ ಹೋದರೂ ಲಂಡನ್ ಸಮಯವೇ. ಮುಳ್ಳು ತಿರುಗಿಸು ಅಂದರೆ ಜಪ್ಪಯ್ಯ ಅಂದರೂ ಕೇಳುವುದಿಲ್ಲ, ಸೂರ್ಯನೇ ತಪ್ಪು ಅನ್ನುವ ಆಸಾಮಿ. ನವೆಂಬರ್ 23ರಂದು, ಪೆಸಿಫಿಕ್ ಸಾಗರದ ನಡುವೆ, ಅವನ ಗಡಿಯಾರವೂ ಹಡಗಿನ ಗಡಿಯಾರವೂ ಒಂದೇ ಸಮಯ ತೋರಿಸುತ್ತವೆ. ನೋಡಿದ್ರಾ, ನಾನು ಹೇಳಿರಲಿಲ್ವಾ ಅಂತ ಹಿಗ್ಗುತ್ತಾನೆ. ಪಾಪ, ಹಡಗಿನಲ್ಲಿ ಬೆಳಗ್ಗೆ 9 ಗಂಟೆ, ಅವನ ಗಡಿಯಾರದಲ್ಲಿ ರಾತ್ರಿ 9 ಗಂಟೆ. ನಮ್ಮ ರೈಲ್ವೆ ಟೈಮ್‌ಟೇಬಲಿನ ಹಾಗೆ 24 ಗಂಟೆಯ ಲೆಕ್ಕವಿದ್ದಿದ್ದರೆ ಅದು 21 ಅಂತ ತೋರಿಸಿ ಗುಟ್ಟು ಬಿಟ್ಟುಕೊಡುತ್ತಿತ್ತು.

ಪೂರ್ವಕ್ಕೆ ಹೋಗುವವನು ಸೂರ್ಯನ ಎದುರಿಗೆ ಹೋಗುತ್ತಾನೆ. ಒಂದು ಡಿಗ್ರಿ ದಾಟಿದರೆ ಅವನ ದಿನ 4 ನಿಮಿಷ ಮೊದಲೇ ಮುಗಿಯುತ್ತದೆ. 360 ಡಿಗ್ರಿಗೆ 1,440 ನಿಮಿಷ, ಅಂದರೆ ಪೂರಾ ಒಂದು ದಿನ. ಫಾಗ್ 80 ಸಲ ನಡುಹಗಲು ಕಂಡಿದ್ದಾನೆ. ಕ್ಲಬ್ಬಿನಲ್ಲಿ ಕೂತ ಗೆಳೆಯರು ಕಂಡಿದ್ದು 79. ಸೋತೆ ಅಂದುಕೊಂಡು ಮನೆಗೆ ಬಂದ ಆ ಶನಿವಾರ ರಾತ್ರಿ, ನಿಜವಾಗಿ ಶುಕ್ರವಾರ ರಾತ್ರಿ. ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿರುವ ಅಪ್ಪ ಅಮ್ಮಂದಿರಿಗೆ ಇದು ಹೊಸದೇನಲ್ಲ. ಇಲ್ಲಿ ಭಾನುವಾರದ ಬೆಳಗಿನ ಕಾಫಿ, ಅಲ್ಲಿ ಶನಿವಾರದ ಸಂಜೆ. ಹಿಂದೆ ನಾವಿಕ ಮೆಗಲನ್ನನ ಜೊತೆ ಹೊರಟವರಲ್ಲಿ ಉಳಿದವರು 1522ರಲ್ಲಿ ಕೇಪ್ ವರ್ಡೆ ತಲುಪಿದಾಗ ಇದರ ತಿರುಗುಮುರುಗು ಆಗಿತ್ತು. ಅವರು ಪಶ್ಚಿಮಕ್ಕೆ ಹೋದವರು. ಅವರ ದಿನಚರಿಯಲ್ಲಿ ಬುಧವಾರ, ದಡದಲ್ಲಿ ಗುರುವಾರ.

ಎಲ್ಲ ಸರಿ, ಆದರೆ ನನ್ನ ಪೆನ್ಸಿಲ್ಲು ನ್ಯೂಯಾರ್ಕಿನಲ್ಲಿ ನಿಂತುಬಿಟ್ಟಿತು. ಫಾಗ್ ಅಲ್ಲಿಗೆ ಡಿಸೆಂಬರ್ 11ರ ರಾತ್ರಿ ತಲುಪುತ್ತಾನೆ. ಹಡಗು ಮುಕ್ಕಾಲು ಗಂಟೆ ಮೊದಲು ಹೊರಟುಹೋಗಿದೆ. ಆದರೆ ಅವನ ತಾರೀಖು ಒಂದು ದಿನ ಮುಂದಿದೆಯಲ್ವಾ? ಊರಿನವರಿಗೆ ಅಂದು 10ನೇ ತಾರೀಖು. ಹಡಗು ಇನ್ನೂ ಬಂದರಿನಲ್ಲೇ ಇರಬೇಕಿತ್ತು! ಅಮೆರಿಕಾ ಉದ್ದಕ್ಕೂ ರೈಲಿನಲ್ಲಿ ಬಂದವನಿಗೆ ಒಂದು ಪೇಪರಾದರೂ ಕಣ್ಣಿಗೆ ಬೀಳಲಿಲ್ವಾ? ವರ್ನ್ ಇಲ್ಲಿ ಮೆಲ್ಲಗೆ ಜಾರಿಕೊಂಡಿದ್ದಾರೆ. ಮೊದಲ ಓದುಗರಿಗೆ ಪುರುಸೊತ್ತೂ ಇರಲಿಲ್ಲ ಬಿಡಿ. ಕಾದಂಬರಿ ಪ್ಯಾರಿಸ್ಸಿನ ದಿನಪತ್ರಿಕೆಯೊಂದರಲ್ಲಿ 1872ರ ನವೆಂಬರ್ 6ರಿಂದ ಡಿಸೆಂಬರ್ 22ರವರೆಗೆ ಧಾರಾವಾಹಿಯಾಗಿ ಬಂತು. ಫಾಗ್ ಕ್ಲಬ್ಬಿನ ಬಾಗಿಲು ತೆಗೆದ ತಾರೀಖಿಗೂ ಕಡೆಯ ಕಂತಿಗೂ ಒಂದೇ ದಿನದ ಅಂತರ. ಅಂಥ ಬಿಸಿಯಲ್ಲಿ ಪೆನ್ಸಿಲ್ ಹಿಡಿಯುವವರು ಯಾರು?

ನಾನು ಹಿಡಿದಿದ್ದೆ, ಹಾಗಾಗಿ ದೀಪದ ಬಿಲ್ಲನ್ನೂ ನೋಡಿದೆ. ಕೊನೆಯಲ್ಲಿ ಫಾಗ್ ಪಾಸ್‌ಪಾರ್ಟುವಿಗೆ ಇನಾಮು ಕೊಡುತ್ತಾನೆ. ಶಿಸ್ತು ಶಿಸ್ತೇ ಅಂತ 1,920 ಗಂಟೆ ಉರಿದ ಗ್ಯಾಸಿನ ಹಣವನ್ನು ಅದರಲ್ಲಿ ಮುರಿದುಕೊಳ್ಳುತ್ತಾನೆ. 80 ದಿನಕ್ಕೆ 1,920 ಗಂಟೆ, ಸರಿ. ಆದರೆ ದೀಪ ಭೂಮಿ ಸುತ್ತಲಿಲ್ಲ. ಅದು ಲಂಡನ್ನಿನಲ್ಲೇ ಉರಿಯುತ್ತಿತ್ತು. ಅಕ್ಟೋಬರ್ 2, ಬುಧವಾರ ರಾತ್ರಿ ಬಿಟ್ಟುಹೋದ ದೀಪವನ್ನು ಪಾಸ್‌ಪಾರ್ಟು ಆರಿಸಿದ್ದು ಮನೆಗೆ ಬಂದ ರಾತ್ರಿಯೇ, ಅಂದರೆ ಡಿಸೆಂಬರ್ 20, ಶುಕ್ರವಾರ. 79 ದಿನ. ಹೆಚ್ಚುಕಡಿಮೆ 1,896 ಗಂಟೆ.

ಬಾಜಿ ಗೆಲ್ಲಿಸಿಕೊಟ್ಟ ಅದೇ ಒಂದು ದಿನವನ್ನು ಯಜಮಾನ ಆಳಿನ ಬಿಲ್ಲಿಗೆ ಸೇರಿಸಿಬಿಟ್ಟಿದ್ದಾನೆ. ದಿನಕ್ಕೆ ಗ್ಯಾಸಿನ ಖರ್ಚು ಎರಡು ಶಿಲ್ಲಿಂಗ್, ಪಾಸ್‌ಪಾರ್ಟುವಿನ ದಿನದ ಸಂಬಳಕ್ಕಿಂತ ಆರು ಪೆನ್ನಿ ಜಾಸ್ತಿ. ಆ ಎರಡು ಶಿಲ್ಲಿಂಗ್ ಅವನಿಗೆ ಇನ್ನೂ ಬಾಕಿ ಇದೆ.

ನಮಸ್ಕಾರ.