ತಾನಾಗಿಯೇ ಶುರುವಾಗುವ ವಿಡಿಯೊ ಯಾರಿಗೆ ಅಡ್ಡಿ?

(ಕಲಬುರಗಿಯಲ್ಲಿ ವೆಬ್‌ಸೈಟ್ ವಿನ್ಯಾಸ ಕಲಿಯುವ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣು ಶರಣಾರ್ಥಿ.

ಪುಟ ತೆರೆದ ಕೂಡಲೇ ಯಾರೂ ಕೇಳದಿದ್ದರೂ ಹಾಡು, ವಿಡಿಯೊ ಶುರುವಾಗುತ್ತವೆ ಅಲ್ವಾ? ಕಣ್ಣಿರುವವರಿಗೆ ಅದು ಕಿರಿಕಿರಿ, ಅಷ್ಟೇ. ನಿಲ್ಲಿಸುವ ಗುಂಡಿ ಕಾಣುತ್ತದೆ, ಒತ್ತುತ್ತೇವೆ.

ಕಣ್ಣು ಕಾಣದ ಒಬ್ಬ ಹುಡುಗಿ ಆಳಂದದಲ್ಲಿ ಕೂತು ಕಾಲೇಜಿನ ಪುಟ ತೆರೆದಿದ್ದಾಳೆ ಅಂದುಕೊಳ್ಳಿ. ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯ ಸೀಟು ಎಷ್ಟಿವೆ ಎಂದು ಅವಳಿಗೆ ತಿಳಿಯಬೇಕು. ಅವಳ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಇದೆ. ಪರದೆಯಲ್ಲಿರುವುದನ್ನು ಓದಿ ಹೇಳುವ ಉಚಿತ ತಂತ್ರಾಂಶ ಅದು, ಕನ್ನಡವನ್ನೂ ಓದುತ್ತದೆ. ಟ್ಯಾಬ್ ಕೀ ಒತ್ತಿದಂತೆಲ್ಲ ಒಂದೊಂದೇ ಲಿಂಕಿನ ಹೆಸರು ಹೇಳುತ್ತದೆ. ಅಷ್ಟರಲ್ಲಿ ಪುಟದ ವಿಡಿಯೊ ಜೋರಾಗಿ ಶುರು. ಡೊಳ್ಳು, ಸ್ವಾಗತ ಭಾಷಣ. ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಹೇಳಬೇಕಾದ ದನಿಯೇ ಆ ಗದ್ದಲದಲ್ಲಿ ಮುಳುಗಿಹೋಯಿತು. ಕಂಪ್ಯೂಟರಿನ ಸೌಂಡ್ ಬಂದ್ ಮಾಡಲಿ ಅಂತೀರಾ? ಓದಿ ಹೇಳುವ ದನಿಯೂ ಬಂದ್ ಆಗುತ್ತದೆ. ಕೊನೆಗೆ ಪುಟವನ್ನೇ ಮುಚ್ಚುತ್ತಾಳೆ. ಸೀಟಿನ ವಿಷಯ ತಿಳಿಯಲೇ ಇಲ್ಲ.

ಇದಕ್ಕೆ ನಿಯಮ 2008ರಿಂದಲೇ ಇದೆ. ಡಬ್ಲ್ಯುಸಿಎಜಿ 2.0 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಇಷ್ಟು: ತಾನಾಗಿ ಶುರುವಾದ ಸದ್ದು 3 ಸೆಕೆಂಡಿಗಿಂತ ಜಾಸ್ತಿ ಇದ್ದರೆ ಅದನ್ನು ನಿಲ್ಲಿಸಲು, ಇಲ್ಲವೇ ಅದೊಂದನ್ನೇ ತಗ್ಗಿಸಲು ದಾರಿ ಇರಬೇಕು. ನನ್ನನ್ನು ಕೇಳಿದರೆ ಆ 3 ಸೆಕೆಂಡೂ ಬೇಡ.

ಕ್ರೋಮ್ 2018ರಲ್ಲೇ ಸದ್ದಿನ ವಿಡಿಯೊಗಳನ್ನು ತಡೆಯಲು ಶುರು ಮಾಡಿತು, ನಿಜ. ಆದರೆ ಪುಟದಲ್ಲಿ ಒಮ್ಮೆ ಕ್ಲಿಕ್ ಮಾಡಿದರೆ ಆ ತಡೆ ಸಡಿಲವಾಗುತ್ತದೆ. ಬ್ರೌಸರ್ ನೋಡಿಕೊಳ್ಳುತ್ತದೆ ಎಂದು ನೀವು ಸುಮ್ನೆ ಕೂರುವಂತಿಲ್ಲ.

ಸದ್ದು ತೆಗೆದರೆ ಸಾಕಾ? ಸಾಲದು. ನಮ್ಮ ಎಷ್ಟೋ ಕಾಲೇಜು, ಇಲಾಖೆಗಳ ಪುಟಗಳಲ್ಲಿ ಸೂಚನೆಗಳು ಸಾಲಾಗಿ ಓಡುತ್ತಲೇ ಇರುತ್ತವೆ. ನಿಧಾನವಾಗಿ ಓದುವವರು ಮೊದಲ ಪದ ಮುಗಿಸುವಷ್ಟರಲ್ಲಿ ಸಾಲು ಮುಂದೆ ಹೋಗಿರುತ್ತದೆ. ಕೈ ನಡುಗುವವರಿಗೆ ಓಡುವ ಲಿಂಕ್ ಮೇಲೆ ಮೌಸ್ ಇಡಲೂ ಆಗದು. ಕೆಲವರಿಗೆ ತಲೆ ಸುತ್ತುತ್ತದೆ. ಅರ್ಜಿಯ ಕೊನೆಯ ದಿನವನ್ನೇ ಹೀಗೆ ಓಡಿಸಿದರೆ ಹೇಗೆ? ಪಕ್ಕದಲ್ಲಿ ಬೇರೆ ಓದುವ ವಿಷಯ ಇದ್ದು, 5 ಸೆಕೆಂಡಿಗಿಂತ ಜಾಸ್ತಿ ಓಡುವುದಕ್ಕೆಲ್ಲ ನಿಲ್ಲಿಸುವ ದಾರಿ ಕೊಡಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ.

ನಿಮ್ಮ ಕೆಲಸ ದೊಡ್ಡದೇನಲ್ಲ. ಪುಟದ ಕೋಡಿನಲ್ಲಿ ವಿಡಿಯೊ ಟ್ಯಾಗಿನಿಂದ, ತಾನಾಗಿ ಶುರು ಮಾಡಿಸುವ ‘ಆಟೋಪ್ಲೇ’ ಪದ ತೆಗೆಯಿರಿ, ನಿಲ್ಲಿಸುವ ಗುಂಡಿ ತೋರಿಸುವ ‘ಕಂಟ್ರೋಲ್ಸ್’ ಹಾಕಿರಿ. ಬೇಕಾದವರು ಒತ್ತಿ ನೋಡುತ್ತಾರೆ. ಹಳ್ಳಿಯಲ್ಲಿರುವವರ ಡೇಟಾ ಪ್ಯಾಕೂ ಉಳಿಯುತ್ತದೆ.

ಯಾರಾದರೂ ಇದು ದಯೆಯ ಮಾತು ಅಂದರೆ ಒಪ್ಪಬೇಡಿ. ಡಿಜಿಟಲ್ ಸೇವೆ ಎಲ್ಲರ ಕೈಗೆ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ.

ಈಗ ಲ್ಯಾಬಿಗೆ ಹೋಗೋಣ. ನೀವೇ ಮಾಡಿದ ಪುಟ ತೆರೆಯಿರಿ. ಮೌಸ್ ಮುಟ್ಟದೆ, ಕೀಬೋರ್ಡ್ ಒಂದರಿಂದಲೇ ವಿಡಿಯೊ ತನಕ ಹೋಗಿ, ನಿಲ್ಲಿಸಲು ಆಗುತ್ತಾ ನೋಡಿ. ಆಗದಿದ್ದರೆ ಇವತ್ತೇ, ಇಲ್ಲೇ ಸರಿಮಾಡೋಣ.