ತಾರೀಖು ಅದೇ, ವಾರ ಬೇರೆ

ಕೇಳುಗರಿಗೆ ನಮಸ್ಕಾರ. ಒಂದು ಕಾಗದ, ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಹುಟ್ಟುಹಬ್ಬವೋ ಮದುವೆಯಾದ ದಿನವೋ ಮುಂದೆ ಯಾವ ವಾರ ಬೀಳುತ್ತದೆಂದು ಕ್ಯಾಲೆಂಡರ್ ಇಲ್ಲದೆಯೂ ಹೇಳಬಹುದು.

ವರ್ಷಕ್ಕೆ 365 ದಿನ. ಅದರಲ್ಲಿ 52 ವಾರಗಳ 364 ದಿನ ಕಳೆದರೆ ಉಳಿಯುವುದು ಒಂದು. ಆ ಒಂದರಿಂದಾಗಿ ಸೋಮವಾರ ಬಂದ ತಾರೀಖು ಮರುವರ್ಷ ಮಂಗಳವಾರಕ್ಕೆ ಸರಿಯುತ್ತದೆ. ನಡುವೆ ಫೆಬ್ರವರಿ 29 ಬಂದರೆ ಬುಧವಾರಕ್ಕೆ ಹಾರುತ್ತದೆ.

ಎಷ್ಟು ವರ್ಷ ತುಂಬುತ್ತದೋ ಬರೆದುಕೊಳ್ಳಿ. ಅಷ್ಟರಲ್ಲಿ ಎಷ್ಟು ಫೆಬ್ರವರಿ 29 ಬಂದವೋ ಕೂಡಿಸಿ, 7ರಿಂದ ಭಾಗಿಸಿ. ಶೇಷ ಎಷ್ಟೋ, ಮೊದಲಿದ್ದ ವಾರದಿಂದ ಅಷ್ಟು ದಿನ ಮುಂದೆ ಎಣಿಸಿ.

ನಮ್ಮ ರಾಜ್ಯೋತ್ಸವವನ್ನೇ ನೋಡೋಣ. 1956ರ ನವೆಂಬರ್ 1 ಗುರುವಾರ. 2026ಕ್ಕೆ 70 ವರ್ಷ. 1960ರಿಂದ 2024ರವರೆಗೆ ಅಧಿಕ ವರ್ಷಗಳು 17. ಒಟ್ಟು 87, ಏಳರಿಂದ ಭಾಗಿಸಿದರೆ ಶೇಷ 3. ಗುರುವಾರದಿಂದ ಮೂರು ದಿನ ಮುಂದೆ, ಭಾನುವಾರ.

ಹೆಚ್ಚಿನವರು ಎಡವುವುದು ಇಲ್ಲೇ. 1956 ಕೂಡ ಅಧಿಕ ವರ್ಷವಲ್ಲವೇ ಎಂದು ಅದನ್ನೂ ಸೇರಿಸಿದರೆ ಉತ್ತರ ಸೋಮವಾರ ಬರುತ್ತದೆ, ತಪ್ಪಾಗುತ್ತದೆ. ನವೆಂಬರ್ ಹೊತ್ತಿಗೆ ಆ ವರ್ಷದ ಫೆಬ್ರವರಿ 29 ಮುಗಿದೇ ಹೋಗಿತ್ತು. ಎಣಿಸಬೇಕಾದದ್ದು ಅಧಿಕ ವರ್ಷಗಳನ್ನಲ್ಲ, ಎರಡು ತಾರೀಖುಗಳ ನಡುವೆ ಬರುವ ಫೆಬ್ರವರಿ 29ಗಳನ್ನು. ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರು ಇದನ್ನು ವಿಶೇಷವಾಗಿ ಗಮನಿಸಬೇಕು. 2028 ಅಧಿಕ ವರ್ಷ. ಆದರೂ ಗಣರಾಜ್ಯೋತ್ಸವ 2027ರ ಮಂಗಳವಾರದಿಂದ 2028ರಲ್ಲಿ ಬುಧವಾರಕ್ಕಷ್ಟೇ ಬರುತ್ತದೆ. ಎರಡು ದಿನದ ಹಾರಿಕೆ ಕಾಣುವುದು 2029ರಲ್ಲಿ, ಶುಕ್ರವಾರ.

ಅದೇ ವಾರ ಮತ್ತೆ ಬರಲು ಎಷ್ಟು ಕಾಲ ಬೇಕು? ಏಳು ವರ್ಷ ಎಂದು ಅನೇಕರು ಹೇಳುತ್ತಾರೆ, ಹಾಗಲ್ಲ. ಕೆಲವೊಮ್ಮೆ ಐದು, ಕೆಲವೊಮ್ಮೆ ಆರು, ಕೆಲವೊಮ್ಮೆ ಹನ್ನೊಂದು. 2026ರ ನಂತರ ರಾಜ್ಯೋತ್ಸವ ಭಾನುವಾರ ಬರುವುದು 2037ರಲ್ಲೇ. 2032ರಲ್ಲಿ ಅದು ಶನಿವಾರದಿಂದ ನೇರ ಸೋಮವಾರಕ್ಕೆ ಹಾರಿಬಿಡುತ್ತದೆ. 28 ವರ್ಷಕ್ಕೊಮ್ಮೆ ಮಾತ್ರ ಇಡೀ ಸಾಲು ಮೊದಲಿನಿಂದ ಶುರುವಾಗುತ್ತದೆ. ಹಾಗಾಗಿ 1956, 1984, 2012 ಮೂರರಲ್ಲೂ ಗುರುವಾರ.

ಈ ಸಾಲೂ 2100ರಲ್ಲಿ ಮುರಿಯುತ್ತದೆ. ನೂರರಿಂದ ಭಾಗವಾಗುವ ವರ್ಷ 400ರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. 2000 ಆಗಿತ್ತು, 1900 ಆಗಿರಲಿಲ್ಲ. ಮಾಜಿ ಪ್ರಧಾನಿ ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಫೆಬ್ರವರಿ 29, ಶನಿವಾರ. ಆ ತಾರೀಖು ಮೊದಲ ಸಲ ಮರಳಿ ಬಂದಾಗ ಅವರಿಗೆ ಎಂಟು ತುಂಬಿತ್ತು. 1904, ಸೋಮವಾರ.