ಕಾಲು ಚಾಚುವ ಕುರ್ಚಿ ಕೊನೆಗೂ ಸಿಕ್ಕಿತು

ನಮಸ್ಕಾರ. ಟೆಂಪೋದಲ್ಲಿ ಕಂಬಳಿ ಹೊದ್ದು ಮಲಗಿದೆಯಲ್ಲ, ಅದೇ. ಹಳೆಯ ವಿಡಿಯೋಗಳಲ್ಲಿ ನನ್ನ ಬಾಯಿಂದ ಇದರ ಹೆಸರು ಕೇಳಿ ಕೇಳಿ ಸಾಕಾದವರು ಇದ್ದೀರಿ, ಗೊತ್ತು. ಪ್ಲಾಂಟರ್ಸ್ ಚೇರ್. ಮನೆಯಲ್ಲಿ ನಾವು ಸುಮ್ನೆ ಆರಾಮ ಕುರ್ಚಿ ಅನ್ನುತ್ತೇವೆ.

ನೋಡಿಲ್ಲದವರಿಗೆ ಹೇಳಿಬಿಡುತ್ತೇನೆ. ಕೂರುವ ಜಾಗ, ಒರಗುವ ಜಾಗ ಎರಡೂ ಸೇರಿ ಒಂದು ಇಳಿಜಾರು, ಅದಕ್ಕೆ ಬೆತ್ತದ ಹೆಣಿಗೆ. ಕೈಗಳ ಅಡಿಯಲ್ಲಿ ಒಂದೊಂದು ಹಲಗೆ ಅಡಗಿರುತ್ತದೆ. ಅದನ್ನು ಮುಂದಕ್ಕೆ ತಿರುಗಿಸಿದರೆ ಕುರ್ಚಿಯ ಕೈ ಉದ್ದವಾಗುತ್ತದೆ. ಆಮೇಲೆ ಎರಡೂ ಕಾಲನ್ನು ಎತ್ತಿ ಅದರ ಮೇಲೆ ಹಾಕುವುದು, ಅಷ್ಟೇ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಬ್ರಿಟಿಷ್ ಪ್ಲಾಂಟರ್‌ಗಳ ಬಂಗಲೆಗಳಲ್ಲಿ ಇದರ ಜಾಗ ವರಾಂಡ. ತೋಟ ಸುತ್ತಿ ಬಂದ ದೊರೆ ಕಾಲು ಚಾಚಿ ಕೂರುತ್ತಿದ್ದ, ಆಳು ಬಂದು ಬೂಟು ಎಳೆಯುತ್ತಿದ್ದ. ಆ ಬೂಟು ಎಳೆಯುವವನಿಗೆ ಎಂದಾದರೂ ಇದರಲ್ಲಿ ಕೂರುವ ಯೋಗ ಬಂದಿತ್ತೋ ಇಲ್ಲವೋ. ನಾನಂತೂ ಬೂಟು ಹಾಕುವವಳಲ್ಲ. ಹವಾಯಿ ಚಪ್ಪಲಿ ಕಳಚಲು ಯಾರೂ ಬೇಕಿಲ್ಲ.

ಬೆಂಗಳೂರಿನಲ್ಲಿ ಹಳೆ ಪೀಠೋಪಕರಣದ ಅಂಗಡಿಗಳಿಗೆ ಕೊರತೆಯಿಲ್ಲ. ಆದರೆ ಅಲ್ಲಿ ಮರಕ್ಕಿಂತ ಕಥೆಗೆ ಬೆಲೆ ಜಾಸ್ತಿ. ಒಬ್ಬರು ಥಳಥಳ ಹೊಳೆಯುವ ಒಂದು ಕುರ್ಚಿ ತೋರಿಸಿ, "ಮೇಡಂ, ಕಣ್ಣು ಮುಚ್ಚಿ ತಗೊಳ್ಳಿ, ನೂರು ವರ್ಷದ್ದು" ಅಂದರು. ನಾನು ಕಣ್ಣು ಮುಚ್ಚಲಿಲ್ಲ, ಕುರ್ಚಿಯನ್ನು ಮಗುಚಿದೆ. ಅಡಿಯಲ್ಲಿ ಎಲ್ಲ ಪ್ಲಸ್ ಗುರುತಿನ ಸ್ಕ್ರೂ. ಆ ಸ್ಕ್ರೂಗೆ ಅಮೆರಿಕದಲ್ಲಿ ಹೆನ್ರಿ ಫಿಲಿಪ್ಸ್ ಪೇಟೆಂಟ್ ಪಡೆದದ್ದೇ 1936ರಲ್ಲಿ. ರಿಪೇರಿಗೆ ಆಮೇಲೆ ಹಾಕಿರಬಹುದು, ಒಪ್ಪೋಣ. ಹಾಗಿದ್ದರೆ ಹಳೆಯ ತೂತಿನ ಗುರುತಾದರೂ ಇರಬೇಕಲ್ವಾ? ಇರಲಿಲ್ಲ. ಇನ್ನೊಂದು ವಿಷಯ. ನಮ್ಮ 1972ರ ಪುರಾತನ ವಸ್ತು ಕಾಯ್ದೆಯ ಲೆಕ್ಕದಲ್ಲಿ ಇಂಥ ವಸ್ತು ನೂರು ವರ್ಷ ದಾಟಿದರೆ ಅದು ಪುರಾತನ ವಸ್ತು. ಅದನ್ನು ಮಾರುವವರಿಗೆ ಲೈಸೆನ್ಸ್ ಬೇಕು. "ಲೈಸೆನ್ಸ್ ಇದೆಯಾ ಸರ್?" ಅಂದೆ. ನೂರು ವರ್ಷದ ಕುರ್ಚಿ ಅಲ್ಲೇ ನಿಂತಲ್ಲಿ ಎಂಬತ್ತಕ್ಕೆ ಇಳಿಯಿತು.

ಬೆಲೆ ಏರಿದ್ದಕ್ಕೂ ಕಾರಣ ಇದೆ ಅನ್ನಿ. ಚಂಡೀಗಢದ ಸರ್ಕಾರಿ ಕಚೇರಿಗಳಿಗೆ ವಾಸ್ತುಶಿಲ್ಪಿ ಪಿಯರ್ ಜನರೆ ಮಾಡಿಸಿದ್ದ ತೇಗ, ಬೆತ್ತದ ಕುರ್ಚಿಗಳು ಗುಜರಿಯ ಲೆಕ್ಕದಲ್ಲಿ ಹೋಗಿ, ಹೊರದೇಶದ ಹರಾಜುಗಳಲ್ಲಿ ಲಕ್ಷ ಲಕ್ಷಕ್ಕೆ ಮಾರಾಟವಾದವು. ಈಗ ಬೆತ್ತ ಕಂಡರೆ ಸಾಕು, ಎಲ್ಲರ ಕಣ್ಣಲ್ಲೂ ಹರಾಜು.

ನನ್ನದು ಸಿಕ್ಕಿದ್ದು ಸಕಲೇಶಪುರದ ಹತ್ತಿರ, ಗೆಳತಿಯ ಪರಿಚಯದವರ ಮನೆಯಲ್ಲಿ. ಕಾಫಿ ಚೀಲ ಇಡುವ ಕೋಣೆಯ ಮೂಲೆ. ನೋಡಿ ಹೇಗಿತ್ತು! ನಡುವೆ ಬೆತ್ತ ಪೂರ್ತಿ ಹರಿದು ಜೋತಾಡುತ್ತಿದೆ. ಆ ಮನೆಯ ಅಜ್ಜಿ ನನ್ನನ್ನೂ ಕುರ್ಚಿಯನ್ನೂ ನೋಡಿ, "ಈ ಹರಕಲಿಗೆ ಬೆಂಗಳೂರಿಂದ ಬಂದ್ಯೇನಮ್ಮಾ?" ಅಂದರು.

ಅಜ್ಜೀ, ಹರಿದಿದ್ದೇ ಒಳ್ಳೆಯದಾಯಿತು. ಬೆತ್ತ ಮತ್ತೆ ಹಾಕಿಸಬಹುದು. ಚೌಕಟ್ಟು ಹೋದರೆ ಏನು ಮಾಡುವುದು? ಇಲ್ಲಿ ಹತ್ತಿರದಿಂದ ನೋಡಿ. ಕೂಡಿಸಿದ ಜಾಗಗಳಲ್ಲಿ ಬಿದಿರಿನ ಮೊಳೆ. ಸುತ್ತ ಬೆತ್ತ ಪೋಣಿಸುವ ತೂತುಗಳು, ಅಂತರ ಒಂದರ ಹಾಗೆ ಒಂದಿಲ್ಲ, ಕೈಯಲ್ಲೇ ಕೊರೆದದ್ದು. ಹತ್ತಿಗೆ ಒಂದು ಹನಿ ಸ್ಪಿರಿಟ್ ಹಾಕಿ ಕಾಲಿನ ಒಳಬದಿಗೆ ಉಜ್ಜಿದೆ. ಹತ್ತಿ ಕಂದಾಯಿತು, ಮರ ಅಂಟಂಟಾಯಿತು. ಅಂದರೆ ಅರಗಿನ ಪಾಲಿಶ್. ಈಗಿನ ಪಿ.ಯು., ಅಂದರೆ ಪಾಲಿಯುರೆಥೇನ್ ಪಾಲಿಶ್ ಆಗಿದ್ದರೆ ಅಷ್ಟು ಸುಲಭವಾಗಿ ಕರಗುವುದಿಲ್ಲ. ಮರ ಬೀಟೆ ಅಲ್ಲ, ಸಾಗುವಾನಿ. ಬೀಟೆಯೇ ಬೇಕು ಅನ್ನುವ ಹಟ ನನಗೂ ಇತ್ತು. ಎತ್ತಿ ನೋಡಿದ ಮೇಲೆ, ಮೂರನೇ ಮಹಡಿಗೆ ಹೊರುವುದು ನೆನಪಾಗಿ, ಸಾಗುವಾನಿಯೇ ದೇವರು ಅನ್ನಿಸಿತು.

ಅಜ್ಜಿ ಚೌಕಾಸಿಗೇ ಬರಲಿಲ್ಲ. ಹೇಳಿದ್ದು 9,000 ರೂಪಾಯಿ, ಕೊಟ್ಟಿದ್ದೂ ಅಷ್ಟೇ. ಜೊತೆಗೆ ಒಂದು ಚೀಲ ಚಕ್ಕೋತ ಬಂತು. ಟೆಂಪೋ ಬಾಡಿಗೆ ಕೇಳಬೇಡಿ. ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ದಾಟಿ ನೆಲಮಂಗಲದವರೆಗೆ ಎಲ್ಲ ಚೆನ್ನಾಗಿತ್ತು, ಆಮೇಲೆ ಟ್ರಾಫಿಕ್ ಬಗ್ಗೆ ಹೇಳುವುದೇನಿದೆ.

ಮನೆಯೊಳಗೆ ತರುವ ಮೊದಲು ತಿಗಣೆಯ ಕೆಲಸ. ಹಳೆ ಬೆತ್ತದ ಕುರ್ಚಿ ಅಂದರೆ ತೂತು ತೂತಿನಲ್ಲೂ ತಿಗಣೆಯ ಸಂಸಾರ ಇರಬಹುದು. ಅದಕ್ಕೇ ಹಳೆ ಬೆತ್ತವನ್ನು ಟೆರೇಸ್‌ನಲ್ಲೇ ಕತ್ತರಿಸಿ ತೆಗೆದೆವು. ಒಂದೊಂದು ತೂತನ್ನೂ ಕಡ್ಡಿಯಿಂದ ಕೆದಕಿ ನೋಡಿದೆವು. ಅಮ್ಮ ಮೆಟ್ಟಿಲ ಮೇಲೆ ನಿಂತು, ಪೂರ್ತಿ ನೋಡಿ ಮುಗಿಯುವ ತನಕ ಬಾಗಿಲು ಬಿಡಲಿಲ್ಲ.

ಈಗ ಈ ವಿಡಿಯೋದಲ್ಲಿ ನನಗೆ ಅತಿ ಇಷ್ಟವಾದ ಭಾಗ. ಬೆತ್ತ ಹೆಣೆಯಲು ಬಂದವರಿಗೆ ಕಣ್ಣು ಕಾಣುವುದಿಲ್ಲ. ನಮ್ಮ ದೇಶದ ಸರ್ಕಾರಿ ಕಚೇರಿಗಳಲ್ಲಿ ಕುರ್ಚಿಗೆ ಬೆತ್ತ ಹಾಕುವ ಕೆಲಸ ಅಂಧರಿಗೆ ಮೀಸಲಾಗಿ ಸಿಗುತ್ತಿದ್ದ ಕಾಲವಿತ್ತು, ಇವರೂ ಆ ಕೆಲಸ ಕಲಿತವರು. ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಆ ಕೆಲಸ ಕಡಿಮೆಯಾಯಿತು.

ಅವರ ಬೆರಳು ನೋಡಿ. ಬೆತ್ತದ ಎಳೆಯನ್ನು ಮೊದಲು ನೀರಿನಲ್ಲಿ ನೆನೆಸುತ್ತಾರೆ, ಇಲ್ಲವಾದರೆ ಮುರಿಯುತ್ತದೆ. ನುಣುಪು ಬದಿ ಮೇಲಕ್ಕೆ ಬರಬೇಕು, ಅದನ್ನು ಹೆಬ್ಬೆರಳಲ್ಲಿ ಸವರಿ ತಿಳಿದುಕೊಳ್ಳುತ್ತಾರೆ. ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ, ಆಮೇಲೆ ಮೂಲೆಯಿಂದ ಮೂಲೆಗೆ ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ. ಆ ಎಂಟು ಮೂಲೆಯ ಕಣ್ಣುಗಳು ಮೂಡುವುದು ಹೀಗೆ. ಎಳೆ ಬಿಗಿಯಾಗಿದೆಯೇ ಅಂತ ಬೆರಳಿನಿಂದ ಮೀಟಿ, ಶಬ್ದ ಕೇಳುತ್ತಾರೆ. ಒಂದು ಕಡೆ ಮೀಟಿ, "ಇದು ಸರಿಯಿಲ್ಲ ಕಣಮ್ಮಾ" ಅಂತ ಬಿಚ್ಚಿ ಮತ್ತೆ ಹಾಕಿದರು. ನನ್ನ ಕಣ್ಣಿಗೆ ಎರಡೂ ಒಂದೇ.

ಒಣಗಿದ ಮೇಲೆ ಬೆತ್ತ ಇನ್ನೂ ಬಿಗಿಯಾಯಿತು. ಪಾಲಿಶ್ ಹೊಸದಾಗಿ ಹಾಕಿಸಿಲ್ಲ, ಹಾಕಿಸುವುದೂ ಇಲ್ಲ. ಕೈಯ ತುದಿಯಲ್ಲಿ ಯಾರೋ ಲೋಟ ಇಟ್ಟು ಇಟ್ಟು ಮೂಡಿದ ಬಿಳಿ ಉಂಗುರ ಇದೆ, ಅರಗಿಗೆ ನೀರು ತಾಗಿದರೆ ಹಾಗಾಗುತ್ತದೆ. ಇರಲಿ ಬಿಡಿ, ನಾನೂ ಅಲ್ಲೇ ಲೋಟ ಇಡುತ್ತೇನೆ.

ಒಂದೇ ತಕರಾರು. ಹಲಗೆ ಬಿಚ್ಚಿದರೆ ಬಾಲ್ಕನಿಗೆ ದಾರಿಯಿಲ್ಲ. ಬಟ್ಟೆ ಒಣಗಿಸಲು ಹೋಗುವವರು ನನ್ನ ಕಾಲು ಇಳಿಸಿಯೇ ಹೋಗಬೇಕು. ಎಡಗೈ ಹಲಗೆ ತಿರುಗುವ ಹಿತ್ತಾಳೆ ತಿರುಪೂ ಸ್ವಲ್ಪ ಸಡಿಲ. ಈ ಅಳತೆಯ ಹಿತ್ತಾಳೆ ವಾಷರ್ ಮಾಡಿಕೊಡುವವರು ಬೆಂಗಳೂರಿನಲ್ಲಿ ಯಾರಾದರೂ ಗೊತ್ತಿದ್ದರೆ ಕಾಮೆಂಟ್‌ನಲ್ಲಿ ಹೇಳಿ. ಅಲ್ಲಿಯ ತನಕ ಬಲಗಾಲು ಮೇಲೆ, ಎಡಗಾಲು ಕೆಳಗೆ.